ಬಾಗಿಲು ತಟ್ಟುವ ಸಮಾಜವಾದ: ನ್ಯೂಯಾರ್ಕ್ ಪ್ರೈಮರಿಯ ಕೆಲಸ ಹೇಗೆ ನಡೆಯುತ್ತದೆ

ಅಮೆರಿಕದಲ್ಲಿ ಸಮಾಜವಾದಿಗಳು ಚುನಾವಣೆ ಗೆಲ್ಲುತ್ತಿದ್ದಾರೆ ಅಂದರೆ ಊರಿನಲ್ಲಿರುವವರು ಕೇಳುವ ಮೊದಲ ಪ್ರಶ್ನೆ, "ಅವರ ಪಕ್ಷದ ಚಿಹ್ನೆ ಯಾವುದು?" ಚಿಹ್ನೆ ಇಲ್ಲ. ಪಕ್ಷವೂ ಇಲ್ಲ. ಡೆಮಾಕ್ರಟಿಕ್ ಸೋಷಿಯಲಿಸ್ಟ್ಸ್ ಆಫ್ ಅಮೆರಿಕ, ಅಂದರೆ ಡಿಎಸ್‌ಎ, 1982ರಲ್ಲಿ ಎರಡು ಸಂಘಟನೆಗಳು ಕೂಡಿ ಆದ, ಚಂದಾ ಕಟ್ಟುವ ಸದಸ್ಯರ ಸಂಘ. ಮತಪತ್ರದ ಮೇಲೆ ಅದರ ಹೆಸರು ಇರುವುದಿಲ್ಲ. ಅದರ ಅಭ್ಯರ್ಥಿಗಳು ಬಹುಪಾಲು ನಿಲ್ಲುವುದು ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ತೀರ್ಮಾನಿಸುವ ಒಳಚುನಾವಣೆಯಲ್ಲಿ. ನಮ್ಮಲ್ಲಿ ಬಿ ಫಾರಂ ಕೊಡುವುದು ಹೈಕಮಾಂಡ್. ಇಲ್ಲಿ ಬಿ ಫಾರಂ ಕೊಡುವುದು ಆ ಪಕ್ಷಕ್ಕೆ ಹೆಸರು ಬರೆಸಿಕೊಂಡ ಮತದಾರರು. ಹೈಕಮಾಂಡಿಗೆ ಆಗದವರೂ ಆ ಮತದಾರರನ್ನು ಒಲಿಸಿಕೊಂಡರೆ ಪಕ್ಷದ ಟಿಕೆಟ್ ಅವರದೇ.

ಆ ಮತದಾರರು ಎಷ್ಟು ಜನ ಅನ್ನುವುದರಲ್ಲಿ ಎಲ್ಲ ಅಡಗಿದೆ. 2018ರ ಜೂನ್ 26ರ ಪ್ರೈಮರಿಯಲ್ಲಿ ಡಿಎಸ್‌ಎ ಸದಸ್ಯೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಹತ್ತು ಅವಧಿಯ ಸಂಸದ ಜೋ ಕ್ರೌಲಿಯನ್ನು ಸೋಲಿಸಿದ್ದು ಒಟ್ಟು ಸುಮಾರು 17 ಸಾವಿರ ಮತ ಪಡೆದು. ಕ್ಷೇತ್ರದ ಜನಸಂಖ್ಯೆ ಏಳು ಲಕ್ಷದ ಹತ್ತಿರ. 2020ರಲ್ಲಿ ಇನ್ನೊಬ್ಬ ಡಿಎಸ್‌ಎ ಸದಸ್ಯ ಜೊಹ್ರಾನ್ ಮಮ್ದಾನಿ ನಗರದ ಕ್ವೀನ್ಸ್ ಭಾಗದ ಅಸ್ಟೋರಿಯಾದಲ್ಲಿ 36ನೇ ಅಸೆಂಬ್ಲಿ (ರಾಜ್ಯ ಶಾಸಕಾಂಗದ ಕೆಳಮನೆ) ಕ್ಷೇತ್ರದ ಪ್ರೈಮರಿ ಗೆದ್ದದ್ದು 500ಕ್ಕಿಂತ ಕಡಿಮೆ ಅಂತರದಲ್ಲಿ. ಟಿವಿ ಜಾಹೀರಾತಿಗೆ ದುಡ್ಡಿಲ್ಲದ, ಆದರೆ ವಾರಾಂತ್ಯದಲ್ಲಿ ನಡೆಯಲು ತಯಾರಿರುವ ನೂರು ಜನರಿರುವ ಗುಂಪಿಗೆ ಇದು ಕೈಗೆಟುಕುವ ಸಂಖ್ಯೆ. ಈ ರಾಜಕೀಯ ಇಲ್ಲಿ ಬೇರೂರಿದ್ದಕ್ಕೆ ಕಾರಣ ಸಿದ್ಧಾಂತದಷ್ಟೇ ಈ ಲೆಕ್ಕವೂ ಹೌದು.

ಅಭ್ಯರ್ಥಿಯನ್ನು ನಿಲ್ಲಿಸುವ ಕೆಲಸ ಶುರುವಾಗುವುದು ಫೆಬ್ರವರಿ ಕೊನೆಯಲ್ಲಿ, ಪಿಟಿಷನ್ನಿನಿಂದ, ಅಂದರೆ ಮತದಾರರ ಸಹಿ ಸಂಗ್ರಹಿಸುವ ಅರ್ಜಿಯಿಂದ. ಹೆಸರು ಮತಪತ್ರಕ್ಕೆ ಬರಬೇಕಾದರೆ ಅಸೆಂಬ್ಲಿಗೆ 500 ಸಹಿ, ನಗರದ ಕೌನ್ಸಿಲಿಗೆ 450, ಮೇಯರ್ ಹುದ್ದೆಗೆ 3,750. ಕಾಲಾವಕಾಶ ಐದು ವಾರ ಚಿಲ್ಲರೆ. ಪ್ರಚಾರದ ಸ್ವಯಂಸೇವಕರಾದ ನಾವು ಇಟ್ಟುಕೊಳ್ಳುವ ಗುರಿ ಮೂರು ಪಟ್ಟು. 500 ಬೇಕಿದ್ದಲ್ಲಿ 1,500 ಇಲ್ಲದೆ ಕಚೇರಿಗೆ ಹೋಗುವುದಿಲ್ಲ, ಏಕೆಂದರೆ ಸಲ್ಲಿಸಿದ ಮೂರು ದಿನದೊಳಗೆ ಎದುರಾಳಿಯ ಕಡೆಯವರು ಆಕ್ಷೇಪಣೆ ಹಾಕಬಹುದು, ಆಮೇಲೆ ಆರು ದಿನದೊಳಗೆ ಯಾವ ಹಾಳೆಯ ಯಾವ ಸಾಲು ತಪ್ಪು ಅಂತ ವಿವರ ಕೊಡಬಹುದು. ಹಳೆಯ ಬಣಗಳ ವಕೀಲರಿಗೆ ಇದೇ ಕಸುಬು.

ಸಾಲುಗಳು ಬಿದ್ದುಹೋಗುವುದು ಇಂಥ ಕಾರಣಕ್ಕೆ. ಸಹಿ ಹಾಕಿದವರು ಡೆಮಾಕ್ರಟ್ ಆಗಿ ನೋಂದಾಯಿಸಿಕೊಂಡಿಲ್ಲ. ಮನೆ ಬದಲಿಸಿದ್ದಾರೆ, ನೋಂದಣಿ ಬದಲಿಸಿಲ್ಲ. ರಸ್ತೆಯ ಆಚೆ ಬದಿ ಬೇರೆ ಕ್ಷೇತ್ರ. ಅದೇ ಹುದ್ದೆಗೆ ಮೊದಲೇ ಇನ್ನೊಬ್ಬರಿಗೆ ಸಹಿ ಹಾಕಿದ್ದಾರೆ. ಆಗ ಮೊದಲಿನದೇ ನಿಲ್ಲುತ್ತದೆ, ನಮ್ಮದು ಹೋಯಿತು. ಇನ್ನು ಎಲ್ಲಕ್ಕಿಂತ ಮಾಮೂಲಿಯಾದದ್ದು, ಬಾಗಿಲಲ್ಲಿ ನಿಂತ ಯಜಮಾನರು "ನಮ್ಮಾಕೆದೂ ನಾನೇ ಹಾಕಿಬಿಡ್ತೀನಿ" ಅನ್ನುವುದು. ಒಂದೇ ಕೈಬರಹದ ಎರಡು ಸಹಿ ಒಂದರ ಕೆಳಗೊಂದು ಕಂಡರೆ ವಕೀಲರು ಇಡೀ ಹಾಳೆಯ ಮೇಲೆ ಕಣ್ಣಿಡುತ್ತಾರೆ. ವಿಳಾಸ, ತಾರೀಖು, ಕೌಂಟಿ ನಾವು ತುಂಬಿಕೊಡಬಹುದು. ಸಹಿ ಮಾತ್ರ ಅವರವರದೇ ಆಗಬೇಕು. ಕೌಂಟಿ ಅಂದಾಗ ನೆನಪಿರಲಿ, ಬ್ರೂಕ್ಲಿನ್ ಕಾಗದದಲ್ಲಿ ಕಿಂಗ್ಸ್ ಕೌಂಟಿ, ಮ್ಯಾನ್‌ಹಟನ್ ನ್ಯೂಯಾರ್ಕ್ ಕೌಂಟಿ.

ಹಾಳೆಯ ಕೆಳಗೆ ಸಾಕ್ಷಿಯ ಹೇಳಿಕೆ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಸಹಿ ಹಾಕುವುದು ಅದೇ ಪಕ್ಷಕ್ಕೆ ನೋಂದಾಯಿಸಿಕೊಂಡ ಮತದಾರ. ಹಾಳೆ ತುಂಬಿದ ಮೇಲೆ, ಎಣಿಸಿ, ಆಮೇಲೆ ಅದನ್ನು ಬರೆಯಬೇಕು. ಬೆಳಿಗ್ಗೆಯೇ "10 ಸಹಿ" ಅಂತ ಬರೆದಿಟ್ಟು, ಸಂಜೆ ಎಂಟಕ್ಕೆ ನಿಂತಾಗ ಗೀಚಿ ತಿದ್ದುವುದು ದೊಡ್ಡ ತಪ್ಪು. ತಿದ್ದಿದಲ್ಲಿ ಪಕ್ಕದಲ್ಲಿ ಮೊದಲಕ್ಷರ ಹಾಕದಿದ್ದರೆ ಎಂಟೂ ಹೋಗಬಹುದು. ಜೆಲ್ ಪೆನ್ ಬೇಡ, ಹಿಮದ ಹನಿ ಬಿದ್ದರೆ ಹರಡುತ್ತದೆ. ಬಾಲ್ ಪೆನ್ ಮೂರು, ಜಾಕೆಟ್ಟಿನ ಒಳಜೇಬಿನಲ್ಲಿ. ಹೊರಜೇಬಿನಲ್ಲಿಟ್ಟರೆ ಚಳಿಗೆ ಇಂಕು ಇಳಿಯುವುದಿಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ. ನ್ಯೂಯಾರ್ಕ್ ನಗರದ ಚುನಾವಣೆಯಲ್ಲಿ ನಗರದ ನಿವಾಸಿ ಕೊಟ್ಟ ಸಣ್ಣ ದೇಣಿಗೆಗೆ ನಗರವೇ ಎಂಟು ಪಟ್ಟು ಸೇರಿಸುತ್ತದೆ, ಮೇಯರ್ ಹುದ್ದೆಗಾದರೆ ಮೊದಲ 250 ಡಾಲರಿನ ತನಕ. ಹತ್ತು ಡಾಲರ್ ತೊಂಬತ್ತಾಗುತ್ತದೆ. ರಾಜ್ಯದ ಶಾಸಕಾಂಗಕ್ಕೆ 2024ರ ಚುನಾವಣೆಯಿಂದ ಬೇರೆ ಯೋಜನೆ ಇದೆ: ಕ್ಷೇತ್ರದೊಳಗಿನವರು ಕೊಟ್ಟ ಮೊದಲ 50 ಡಾಲರಿಗೆ ಹನ್ನೆರಡು ಪಟ್ಟು, ಅಂದರೆ 50 ಕೊಟ್ಟರೆ ಒಟ್ಟು 650. ಆದ್ದರಿಂದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಕನ್ನಡದ ಗೆಳೆಯರು 250 ಡಾಲರ್ ಕೊಟ್ಟರೆ ಅದು 250 ಆಗಿಯೇ ಉಳಿಯುತ್ತದೆ. ಅವರಿಗೆ ನಾವು ಹೇಳುವುದು, ದುಡ್ಡು ಬೇಡ, ಶನಿವಾರ ರೈಲು ಹತ್ತಿ ಬನ್ನಿ.

ಎಚ್-1ಬಿ ವೀಸಾದಲ್ಲಿರುವವರು ಇನ್ನೂ ಎಚ್ಚರವಾಗಿರಬೇಕು. ಅವರು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಗೆಳೆಯನ ಕಾರ್ಡಿನಲ್ಲಿ ಕೊಟ್ಟು ಆಮೇಲೆ ಅವನಿಗೆ ವಾಪಸು ಮಾಡುವುದು ಅಪರಾಧ. ಸಂಬಳವಿಲ್ಲದೆ ಬಾಗಿಲು ತಟ್ಟಬಹುದು, ಫೋನ್ ಮಾಡಬಹುದು, ಆದರೆ ಪ್ರಚಾರದ ನಿರ್ಧಾರ ತೆಗೆದುಕೊಳ್ಳುವ ಕೋಣೆಯಲ್ಲಿ ಕೂರುವಂತಿಲ್ಲ. ಪಿಟಿಷನ್ನಿಗೆ ಮೇಲೆ ಹೇಳಿದ ಸಾಕ್ಷಿಯೂ ಆಗುವಂತಿಲ್ಲ. ಪೌರತ್ವದ ಅರ್ಜಿಯಲ್ಲಿ ಕಮ್ಯುನಿಸ್ಟ್ ಅಥವಾ ಸರ್ವಾಧಿಕಾರಿ ಪಕ್ಷದ ಸಂಬಂಧವಿತ್ತೇ ಅಂತ ಒಂದು ಪ್ರಶ್ನೆ ಇರುತ್ತದೆ. ಡಿಎಸ್‌ಎ ಆ ಜಾತಿಯದಲ್ಲ. ಆದರೂ ವೀಸಾದಲ್ಲಿರುವವರು ಯಾವುದೇ ಸಂಘದ ಸದಸ್ಯತ್ವಕ್ಕೆ ಸಹಿ ಹಾಕುವ ಮೊದಲು ತಮ್ಮ ವಕೀಲರಿಗೆ ಒಂದು ಫೋನ್ ಮಾಡಲಿ.

ಈಗ ಬಾಗಿಲು. ಯಾರಿಗೆ ಮತ ಹಾಕಿದಿರಿ ಅನ್ನುವುದು ಗುಟ್ಟು. ಮತ ಹಾಕಿದಿರೋ ಇಲ್ಲವೋ ಅನ್ನುವುದು ಗುಟ್ಟಲ್ಲ. ಹೆಸರು, ವಿಳಾಸ, ನೋಂದಾಯಿತ ಪಕ್ಷ, ಯಾವ ಯಾವ ಚುನಾವಣೆಗೆ ಬಂದಿದ್ದರು ಅನ್ನುವುದೆಲ್ಲ ಮತದಾರರ ಕಡತದಲ್ಲಿದೆ. ಅದರಿಂದ ಹಿಂದಿನ ಪ್ರೈಮರಿಗಳಿಗೆ ಬಂದ ಡೆಮಾಕ್ರಟರನ್ನು ಮೊದಲು ಸೋಸುತ್ತೇವೆ. ಹಾಗೆ ಸಿಕ್ಕ ಪಟ್ಟಿಯನ್ನು ನಕ್ಷೆಯ ಮೇಲೆ ಟರ್ಫ್‌ಗಳಾಗಿ, ಅಂದರೆ ಒಬ್ಬರು ಒಂದು ಶಿಫ್ಟಿನಲ್ಲಿ ನಡೆದು ಮುಗಿಸುವ ತುಂಡುಗಳಾಗಿ, ಕತ್ತರಿಸುತ್ತೇವೆ. ಒಬ್ಬರಿಗೆ ಮೂರು ಗಂಟೆಯ ಶಿಫ್ಟಿಗೆ ಐವತ್ತರಿಂದ ಅರವತ್ತು ಬಾಗಿಲು. ಐದರಲ್ಲಿ ಒಂದು ತೆರೆದರೆ ಒಳ್ಳೆಯ ದಿನ. ಟರ್ಫ್ ಕತ್ತರಿಸುವಾಗ ದೊಡ್ಡ ಅವೆನ್ಯೂ ದಾಟಿಸಬಾರದು. ಸಿಗ್ನಲ್ಲಿಗೆ ಕಾಯುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಆರು ಮಹಡಿಯ ಕಟ್ಟಡವಾದರೆ ಅದೊಂದೇ ಒಂದು ಟರ್ಫ್. ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಯುತ್ತ ಬರಬೇಕು. ಯಾರಾದರೂ ದೂರು ಕೊಟ್ಟು ಕಟ್ಟಡದ ಮೇಸ್ತ್ರಿ ಹೊರಗೆ ಹಾಕುವ ಹೊತ್ತಿಗೆ ನೀವು ಹೇಗೂ ಬಾಗಿಲ ಹತ್ತಿರ ಬಂದಿರುತ್ತೀರಿ. ಕರಪತ್ರವನ್ನು ಬಾಗಿಲ ಸಂದಿಗೆ ಸಿಕ್ಕಿಸಿ. ಅಂಚೆ ಪೆಟ್ಟಿಗೆಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ.

ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹೆಸರು ಹೇಳಿ, ಅಭ್ಯರ್ಥಿಯ ಹೆಸರು ಹೇಳಿ, ಸುಮ್ಮನಾಗಬೇಡಿ, ಒಂದು ಪ್ರಶ್ನೆ ಕೇಳಿ. ಅಸ್ಟೋರಿಯಾದಂಥ ಕಡೆ ನಮ್ಮ ಪ್ರಶ್ನೆ ಯಾವಾಗಲೂ ಬಾಡಿಗೆಯದು.

"ಇಲ್ಲಿ ಬಾಡಿಗೆಗಿದ್ದೀರಾ?"

"ಹೌದು. ಸ್ಟೆಬಿಲೈಸ್ಡ್."

"ಹೋದ ಸಲ ಲೀಸ್ ರಿನ್ಯೂ ಮಾಡುವಾಗ ಎಷ್ಟು ಏರಿತು?"

ಸ್ಟೆಬಿಲೈಸ್ಡ್ ಅಂದರೆ ಬಾಡಿಗೆ ಏರಿಕೆಗೆ ಸರ್ಕಾರಿ ಮಿತಿ ಇರುವ ಮನೆ. ಇಲ್ಲಿ ಮಾತು ನಿಲ್ಲಿಸಬೇಕು. ಹೊಸಬರು ಈ ಮೌನ ತಡೆಯಲಾರದೆ ತಾವೇ ಅಂಕಿಅಂಶ ಹೇಳಲು ಶುರು ಮಾಡುತ್ತಾರೆ. ಬೇಡ. ಅವರು ಲೆಕ್ಕ ಹಾಕಲಿ, ಒಳಗಿನಿಂದ ಇನ್ನೊಬ್ಬರನ್ನು ಕೇಳಲಿ. ಮೊತ್ತ ಅವರ ಬಾಯಿಂದಲೇ ಬಂದ ಮೇಲೆ ನಮ್ಮ ಸಾಲು ಹೇಳಬೇಕು: ನಗರದಲ್ಲಿ ಇಂಥ ಸುಮಾರು ಹತ್ತು ಲಕ್ಷ ಮನೆಗಳ ಬಾಡಿಗೆ ಏರಿಕೆ ತೀರ್ಮಾನಿಸುವುದು ರೆಂಟ್ ಗೈಡ್‌ಲೈನ್ಸ್ ಬೋರ್ಡ್, ಅದರ ಒಂಬತ್ತೂ ಸದಸ್ಯರನ್ನು ನೇಮಿಸುವುದು ಮೇಯರ್, 2015, 2016ರಲ್ಲಿ ಅದೇ ಬೋರ್ಡ್ ಒಂದು ವರ್ಷದ ಲೀಸಿಗೆ ಸೊನ್ನೆ ಏರಿಕೆ ಅಂದಿತ್ತು. ಹಿಂದೆ ಆಗಿದೆ, ಆದ್ದರಿಂದ ಮತ್ತೆ ಆಗಬಹುದು. 2025ರ ಪ್ರಚಾರದಲ್ಲಿ ಮಮ್ದಾನಿಯ "ಬಾಡಿಗೆ ಸ್ಥಗಿತ" ಅಷ್ಟು ಬೇಗ ಬಾಯಿಂದ ಬಾಯಿಗೆ ಹೋದದ್ದಕ್ಕೆ ಕಾರಣ ಅದರ ಹಿಂದೆ ಇದ್ದ ಈ ಸಣ್ಣ ಆಡಳಿತದ ಕೀಲಿ.

ಮಾರುಕಟ್ಟೆ ದರದ ಬಾಡಿಗೆ ಕೊಡುವವರಿಗೆ ಇದೇ ಮಾತು ಹೇಳಿದರೆ ಮಾತ್ರ ಅದು ಸುಳ್ಳು. ಅವರ ಬಾಡಿಗೆಯನ್ನು ಆ ಬೋರ್ಡ್ ಮುಟ್ಟುವುದಿಲ್ಲ. ಉಚಿತ ಬಸ್ಸಿನ ಮಾತೂ ಹಾಗೆಯೇ. ಬಸ್ ಓಡಿಸುವ ಎಂಟಿಎ ರಾಜ್ಯದ ಸಂಸ್ಥೆ, ಮೇಯರ್ ಒಬ್ಬರೇ ದರ ತೆಗೆದುಹಾಕಲಾರರು. 2023ರಿಂದ 2024ರ ತನಕ ನಗರದ ಐದು ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಒಂದೊಂದರಂತೆ ಐದು ಮಾರ್ಗಗಳಲ್ಲಿ ಉಚಿತ ಬಸ್ಸಿನ ಪ್ರಯೋಗ ನಡೆದದ್ದು ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಶಾಸಕರು ಒತ್ತಾಯಿಸಿದ್ದರಿಂದ. ಶ್ರೀಮಂತರ ಆದಾಯ ತೆರಿಗೆ ಏರಿಸುವುದೂ ಆಲ್ಬನಿಯ ಕೈಯಲ್ಲಿದೆ. ಮೇಯರ್ ಅಭ್ಯರ್ಥಿಗೆ ಬಾಗಿಲು ತಟ್ಟುವವರಿಗೂ ಈ ಪಟ್ಟಿ ಬಾಯಿಪಾಠ ಇರಬೇಕು: ಯಾವುದು ನಗರದ್ದು, ಯಾವುದು ರಾಜ್ಯದ್ದು, ಯಾವುದು ವಾಷಿಂಗ್ಟನ್ನಿನದು. ಎಲ್ಲವನ್ನೂ ಒಂದೇ ಉಸಿರಿಗೆ ಭರವಸೆ ಕೊಟ್ಟು ಬಂದ ಸ್ವಯಂಸೇವಕನ ಹಿಂದೆ ಎರಡನೇ ಸುತ್ತಿಗೆ ಹೋಗುವುದು ಕಷ್ಟದ ಕೆಲಸ.

"ಸೋಷಿಯಲಿಸ್ಟ್ ಅಂದರೆ ಕಮ್ಯುನಿಸ್ಟಾ?" ಅನ್ನುವ ಪ್ರಶ್ನೆ ಹತ್ತರಲ್ಲಿ ಒಂದು ಬಾಗಿಲಲ್ಲಿ ಬರುತ್ತದೆ. ಅಲ್ಲಿ ತತ್ವ ಬಿಚ್ಚಿದರೆ ಮುಂದಿನ ನಾಲ್ಕು ಬಾಗಿಲು ಹೋದಂತೆ. ಮಿಲ್ವಾಕಿ ನಗರದ ಹೆಸರು ಹೇಳಿದರೆ ಸಾಕಾಗುತ್ತದೆ. 1910ರಿಂದ 1960ರ ನಡುವೆ ಅಲ್ಲಿ ಮೂವರು ಸಮಾಜವಾದಿ ಮೇಯರುಗಳು ಆಳಿದರು. ಡೇನಿಯಲ್ ಹೋನ್ ಒಬ್ಬರೇ 24 ವರ್ಷ. ಚರಂಡಿ, ಕುಡಿಯುವ ನೀರು, ಪಾರ್ಕು ಅಂತ ಸದಾ ಮಾತಾಡುತ್ತಿದ್ದರಿಂದ ಅವರ ಕಡೆಯವರೇ "ಚರಂಡಿ ಸಮಾಜವಾದಿಗಳು" ಅಂತ ಹಂಗಿಸಿದರು. ಬರ್ನಿ ಸ್ಯಾಂಡರ್ಸ್ 1981ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನ ಮೇಯರ್ ಆದದ್ದು ಹತ್ತು ಮತಗಳ ಅಂತರದಲ್ಲಿ, ಅದೂ ಇದೇ ಥರದ ರಸ್ತೆ-ಮನೆ-ನೀರಿನ ರಾಜಕೀಯದಿಂದ. ಕನ್ನಡದ ಹಿರಿಯರ ಮನೆಯಾದರೆ ಕೆಲಸ ಇನ್ನೂ ಸುಲಭ. ಕಾಗೋಡು, ಶಾಂತವೇರಿ ಗೋಪಾಲಗೌಡ ಅಂದರೆ ಅರ್ಧ ಮಾತು ಮುಗಿಯಿತು. 1951ರಲ್ಲಿ ಕಾಗೋಡಿಗೆ ಬಂದು ಬಂಧನಕ್ಕೊಳಗಾದ ಲೋಹಿಯಾ 1964ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ ಬಿಳಿಯರಿಗೆ ಮಾತ್ರ ಅನ್ನುವ ಹೋಟೆಲಿಗೆ ಹೋಗಿ ಬಂಧನಕ್ಕೊಳಗಾಗಿದ್ದರು ಅಂತ ನೆನಪಿಸಿದರೆ ಕಾಫಿಯೂ ಬರುತ್ತದೆ. ಶಿಫ್ಟಿನ ಮಧ್ಯೆ ಕಾಫಿ ಕುಡಿಯಬಾರದು ಅನ್ನುವುದು ನಿಯಮ. ಪಾಲಿಸುವುದು ಕಷ್ಟ.

ಮಾತು ಮುಗಿದ ಕೂಡಲೇ, ಮುಂದಿನ ಬಾಗಿಲಿಗೆ ಹೋಗುವ ಮೊದಲು, ಫೋನಿನಲ್ಲಿ ಟರ್ಫಿನ ಪಟ್ಟಿ ಇರುವ ಮಿನಿವ್ಯಾನ್ ಆಪಿನಲ್ಲಿ 1ರಿಂದ 5ರ ತನಕ ಒಂದು ಅಂಕಿ ಹಾಕಬೇಕು. 1 ಅಂದರೆ ಖಂಡಿತ ನಮಗೆ, 3 ತೀರ್ಮಾನವಾಗಿಲ್ಲ, 5 ಖಂಡಿತ ವಿರೋಧ. ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು ಇಲ್ಲಿ ಆಗುತ್ತದೆ. "ಗುಡ್ ಲಕ್" ಅಂದವರನ್ನು, ನಗುತ್ತ ಕರಪತ್ರ ತಗೊಂಡವರನ್ನು 1 ಅಂತ ಗುರುತಿಸುವುದು. ಅದು 3. "ನಿಮ್ಮ ಮತ ನಮಗಿದೆಯಾ?" ಅಂತ ಕೇಳಿ, "ಹೌದು" ಅನ್ನುವ ಮಾತು ಕಿವಿಗೆ ಬಿದ್ದರೆ ಮಾತ್ರ 1. ಕೊನೆಯ ವಾರ ನಾವು ಹೋಗುವುದು 1 ಮತ್ತು 2ರ ಮನೆಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಎದುರಾಳಿಯ ಬೆಂಬಲಿಗರು ತುಂಬಿದ್ದರೆ ನಮ್ಮ ಕಾಲಿನಿಂದ ನಡೆದು ಅವರನ್ನೇ ಮತಗಟ್ಟೆಗೆ ಕಳಿಸಿದಂತಾಗುತ್ತದೆ.

ಬೇಸರದ ಬಾಗಿಲೂ ಒಂದಿದೆ. ನ್ಯೂಯಾರ್ಕಿನ ಪ್ರೈಮರಿ ಮುಚ್ಚಿದ ಪ್ರೈಮರಿ, ಪಕ್ಷಕ್ಕೆ ನೋಂದಾಯಿಸಿಕೊಂಡವರಿಗೆ ಮಾತ್ರ. ಮೊದಲೇ ಮತದಾರರಾಗಿದ್ದು ಪಕ್ಷ ಬದಲಿಸಬೇಕಾದರೆ ಫೆಬ್ರವರಿ 14 ಗಡುವು. ಏಪ್ರಿಲ್ಲಿನಲ್ಲಿ ಅರ್ಧ ಗಂಟೆ ಮಾತಾಡಿ, ಪೂರ್ತಿ ಒಪ್ಪಿ, ಕೊನೆಗೆ "ನಾನು ಯಾವ ಪಕ್ಷವೂ ಅಲ್ಲ" ಅಂದವರು ಜೂನಿನಲ್ಲಿ ಏನೂ ಮಾಡಲಾರರು. ಆದ್ದರಿಂದ ಜನವರಿಯ ನಮ್ಮ ಶಿಫ್ಟುಗಳೆಲ್ಲ ಇಂಥವರಿಗೇ ಮೀಸಲು.

ನಗರದ ಹುದ್ದೆಗಳ ಪ್ರೈಮರಿಯಲ್ಲಿ 2021ರಿಂದ ಐದು ಜನರ ತನಕ ಕ್ರಮಾಂಕ ಕೊಡಬಹುದು; ಮೊದಲನೆಯವರು ಎಣಿಕೆಯಲ್ಲಿ ಹೊರಬಿದ್ದರೆ ಮತ ಮುಂದಿನವರಿಗೆ ಹೋಗುತ್ತದೆ. ಅಸೆಂಬ್ಲಿಗೆ ಹಾಗಿಲ್ಲ, ಒಂದೇ ಗುರುತು. ಎರಡೂ ಪ್ರಚಾರದಲ್ಲಿ ಕೆಲಸ ಮಾಡಿದವರು ಇದನ್ನು ಕಲೆಸಿ ಹೇಳಿಬಿಡುತ್ತಾರೆ. 2025ರ ಜೂನಿನ ಮೇಯರ್ ಪ್ರೈಮರಿಯಲ್ಲಿ ಮಮ್ದಾನಿ ಮತ್ತು ಇನ್ನೊಬ್ಬ ಅಭ್ಯರ್ಥಿ ಬ್ರಾಡ್ ಲ್ಯಾಂಡರ್ ಒಬ್ಬರಿಗೊಬ್ಬರು ಎರಡನೇ ಸ್ಥಾನ ಕೊಡಿ ಅಂದಾಗ ಬಾಗಿಲಲ್ಲಿ ಹೇಳುವ ಸಾಲೇ ಬದಲಾಯಿತು: ಲ್ಯಾಂಡರ್ ಬೆಂಬಲಿಗರ ಜೊತೆ ವಾದ ಬೇಡ, ಎರಡನೇ ಜಾಗ ಕೇಳಿ ಬನ್ನಿ. ಕೊನೆಯ ಸುತ್ತಿನಲ್ಲಿ ಮಾಜಿ ಗವರ್ನರ್ ಆಂಡ್ರ್ಯೂ ಕ್ಯೂಮೋ ವಿರುದ್ಧ ಮಮ್ದಾನಿ ಗೆದ್ದದ್ದು ಶೇಕಡಾ ಸುಮಾರು 56-44ರಲ್ಲಿ.

ಮತದಾನದ ಒಂಬತ್ತು ಮುಂಗಡ ದಿನಗಳಲ್ಲಿ "ಹಾಕ್ತೀರಾ?" ಅಂತ ಕೇಳುವುದಿಲ್ಲ, "ಯಾವತ್ತು, ಎಷ್ಟು ಗಂಟೆಗೆ, ಯಾರ ಜೊತೆ?" ಅಂತ ಕೇಳುತ್ತೇವೆ. ಮತಗಟ್ಟೆಯಿಂದ 100 ಅಡಿಯೊಳಗೆ ಬಿಲ್ಲೆ, ಕರಪತ್ರ, ಪ್ರಚಾರ ಏನೂ ಇಲ್ಲ. ಪಟ್ಟಿಯಲ್ಲಿ ಹೆಸರು ಸಿಗದವರಿಗೆ ಅಫಿಡವಿಟ್ ಮತಪತ್ರ ಕೊಡುತ್ತಾರೆ. ಅದರ ಲಕೋಟೆಯ ಒಂದೊಂದು ಖಾನೆಯನ್ನೂ ತುಂಬಿಸಿಕೊಳ್ಳಿ ಅಂತ ಹೇಳಲೇಬೇಕು. 2019ರಲ್ಲಿ ಕ್ವೀನ್ಸ್ ಜಿಲ್ಲಾ ಅಟಾರ್ನಿ (ಸರ್ಕಾರಿ ವಕೀಲ) ಹುದ್ದೆಯ ಪ್ರೈಮರಿಯಲ್ಲಿ ಡಿಎಸ್‌ಎ ಬೆಂಬಲದ ಟಿಫನಿ ಕಬಾನ್ ಚುನಾವಣೆಯ ರಾತ್ರಿ ಸಾವಿರಕ್ಕೂ ಹೆಚ್ಚು ಮತಗಳ ಮುನ್ನಡೆಯಲ್ಲಿದ್ದು, ಮರುಎಣಿಕೆಯ ಹೊತ್ತಿಗೆ ನೂರಕ್ಕಿಂತ ಕಡಿಮೆ ಮತಗಳಲ್ಲಿ ಸೋತರು. ಲಕೋಟೆಯ ಮೇಲೆ ಪಕ್ಷದ ಹೆಸರು ಬರೆಯದ್ದಕ್ಕೆ ತಿರಸ್ಕೃತವಾದ ಮತಗಳ ಮೇಲೆಯೇ ಆಗ ಜಗಳ ನಡೆದದ್ದು.

ಪ್ರೈಮರಿ ಗೆದ್ದರೆ ಮುಗಿಯಿತು ಅಂದುಕೊಳ್ಳುವುದು ಇನ್ನೊಂದು ಹಳ್ಳ. 2021ರಲ್ಲಿ ಇದೇ ರಾಜ್ಯದ ಬಫಲೋ ನಗರದಲ್ಲಿ ಸಮಾಜವಾದಿ ಅಭ್ಯರ್ಥಿ ಇಂಡಿಯಾ ವಾಲ್ಟನ್ ನಾಲ್ಕು ಅವಧಿಯ ಮೇಯರ್ ಬೈರನ್ ಬ್ರೌನರನ್ನು ಪ್ರೈಮರಿಯಲ್ಲಿ ಸೋಲಿಸಿದರು. ನವೆಂಬರಿನಲ್ಲಿ ಬ್ರೌನ್ ಹೆಸರು ಮತಪತ್ರದಲ್ಲೇ ಇರಲಿಲ್ಲ. ಅವರ ಕಡೆಯವರು ಹೆಸರಿನ ರಬ್ಬರ್ ಸ್ಟಾಂಪ್ ಹಂಚಿದರು. ಮತದಾರರು ಹೆಸರು ಬರೆದು, ಒತ್ತಿ, ಅವರನ್ನೇ ಗೆಲ್ಲಿಸಿದರು. ಜೂನಿನ ಪಟ್ಟಿಯಲ್ಲಿ ರಿಪಬ್ಲಿಕನ್ನರೂ ಯಾವ ಪಕ್ಷಕ್ಕೂ ಸೇರದವರೂ ಇರುವುದಿಲ್ಲ. ನವೆಂಬರಿಗೆ ಹೊಸ ಪಟ್ಟಿ, ಹೊಸ ಟರ್ಫ್, ಮೊದಲಿನಿಂದ.

ಜೂನಿನಲ್ಲಿ ಮಾಡಿದ 1ರ ಪಟ್ಟಿಯನ್ನು ಹಾಗಂತ ಕಪಾಟಿಗೆ ಹಾಕುವುದಿಲ್ಲ. ಬಾಡಿಗೆ ಬೋರ್ಡ್ ಪ್ರತಿವರ್ಷ ಅಂತಿಮ ಮತ ಹಾಕುವುದು ಸಾಮಾನ್ಯವಾಗಿ ಜೂನಿನಲ್ಲಿ. ಅದಕ್ಕೆ ಮೊದಲು ಸಾರ್ವಜನಿಕ ವಿಚಾರಣೆಗಳು. ಮೇಯರ್ ನಮ್ಮವರೇ ಆದ ವರ್ಷವೂ ಮಾಲೀಕರ ಸಂಘದವರು ಅಲ್ಲಿ ಸಾಲುಗಟ್ಟಿ ಬರುತ್ತಾರೆ. ಆದ್ದರಿಂದ "ಹೋದ ಸಲ ಎಷ್ಟು ಏರಿತು?" ಅನ್ನುವುದಕ್ಕೆ ಮೊತ್ತ ಹೇಳಿದ ಮನೆಗಳಿಗೆ ಮತ್ತೆ ಫೋನ್ ಹೋಗುತ್ತದೆ: ವಿಚಾರಣೆಗೆ ಬನ್ನಿ, ಲೀಸ್ ಕಾಗದ ತನ್ನಿ, ಮೈಕಿನಲ್ಲಿ ಆ ಮೊತ್ತ ಹೇಳಿ. ಅದಕ್ಕೇ ಮಿನಿವ್ಯಾನಿನ ಟಿಪ್ಪಣಿಯ ಖಾನೆಯಲ್ಲಿ ಆ ಮೊತ್ತವನ್ನು ಅವತ್ತೇ ಬರೆದಿಡಬೇಕು, ಮನೆಗೆ ಹೋಗುವ ಮೊದಲು ಸಿಂಕ್ ಒತ್ತಬೇಕು.