ಪಿಚರ್‌ನ ಗುರಿ ಪಾದದಲ್ಲಿದೆ: ಬೇಸ್‌ಬಾಲ್ ಎಸೆತದ ನಿಯಂತ್ರಣಕ್ಕೆ ಒಂದು ಅಭ್ಯಾಸಕ್ರಮ

ಬೇಸ್‌ಬಾಲ್‌ನಲ್ಲಿ ಪಿಚರ್, ಅಂದರೆ ಬ್ಯಾಟ್ ಹಿಡಿದವನತ್ತ ಚೆಂಡು ಎಸೆಯುವ ಆಟಗಾರ, ಪಾದವಿಟ್ಟು ನಿಲ್ಲುವ ರಬ್ಬರ್ ಪಟ್ಟಿಯಿಂದ, ಚೆಂಡು ಮೇಲೆ ಹಾದುಹೋಗಬೇಕಾದ ಹೋಮ್ ಪ್ಲೇಟ್ ಎಂಬ ನೆಲದ ಫಲಕಕ್ಕೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್ ದೂರವಿದೆ. ಪ್ಲೇಟಿನ ಅಗಲ 17 ಅಂಗುಲ, ಸುಮಾರು 43 ಸೆಂ.ಮೀ. ಚೆಂಡು ಕೈಬಿಡುವ ಹೊತ್ತಿಗೆ ಪಿಚರ್ ಒಂದೂವರೆ ಮೀಟರಿನಷ್ಟು ಮುಂದೆ ಬಂದಿರುವುದರಿಂದ, ಚೆಂಡು ಗಾಳಿಯಲ್ಲಿ ಸಾಗುವ ದೂರ ಸುಮಾರು 17 ಮೀಟರ್. ಅಷ್ಟು ದೂರದಲ್ಲಿ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೆ ಚೆಂಡು 30 ಸೆಂ.ಮೀ.ನಷ್ಟು ಪಕ್ಕಕ್ಕೆ ಸರಿಯುತ್ತದೆ. ಪ್ಲೇಟಿನ ನಡುವಿನಿಂದ ಅಂಚಿಗಾದರೋ 22 ಸೆಂ.ಮೀ. ಕೂಡ ಇಲ್ಲ. ಒಂದು ಡಿಗ್ರಿಯ ಈ ವ್ಯತ್ಯಾಸವನ್ನು ಎಸೆಯುವ ಕ್ಷಣದಲ್ಲಿ ಕೈಯಿಂದ ತಿದ್ದಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ‘ಗುರಿ ನೋಡಿ ಎಸೆ’ ಎಂದು ಹುಡುಗನಿಗೆ ಮತ್ತೆ ಮತ್ತೆ ಹೇಳುವುದರಿಂದ ನಿಯಂತ್ರಣ ಬರುವುದಿಲ್ಲ. ಪ್ರತಿ ಎಸೆತದಲ್ಲಿಯೂ ದೇಹ ಒಂದೇ ದಾರಿಯಲ್ಲಿ ಸಾಗಿ, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಬಂದು ತಲುಪಿದರೆ ಮಾತ್ರ ಅದು ಬರುತ್ತದೆ. ಆ ದಾರಿ ಪಾದದಿಂದ ಆರಂಭವಾಗುತ್ತದೆ ಎಂಬುದು ಈ ಬರಹದ ಮುಖ್ಯ ಮಾತು.

ತೋಳಿನ ಬಲವೊಂದಿದ್ದರೆ ಪಿಚರ್ ಆಗಬಹುದು ಎಂದು ತಿಳಿಯುವವರು ಬಹಳ ಮಂದಿ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡಾಗ ಇಲ್ಲಿನ ಅನೇಕರಿಗೆ ಈ ಆಟದ ಹೆಸರು ಮೊದಲ ಬಾರಿಗೆ ಕಿವಿಗೆ ಬಿತ್ತು. ಇಬ್ಬರೂ ಈಟಿ ಎಸೆತದಿಂದ ಬಂದವರು, ತೋಳಿನ ಬಲ ಅವರಿಗೆ ಮೊದಲೇ ಇತ್ತು. ಆದರೂ ಅವರು ತಿಂಗಳುಗಟ್ಟಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹಿಂದಿನ ಪಿಚರ್ ಟಾಮ್ ಹೌಸ್ ಅವರ ಬಳಿ ಪಿಚಿಂಗ್ ಚಲನೆಯನ್ನು ಮೊದಲಿನಿಂದ ಕಲಿಯಬೇಕಾಯಿತು.

ಕೊಡಗಿನ ಮಕ್ಕಳು ಈ ಆಟಕ್ಕೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ; ಹಾಕಿ ಮತ್ತು ಕ್ರಿಕೆಟ್ಟಿನ ಅಭ್ಯಾಸಗಳನ್ನು ಹೊತ್ತು ಬರುತ್ತಾರೆ. 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ ಹಬ್ಬ ಆರಂಭವಾದ ಜಿಲ್ಲೆಯಲ್ಲಿ, ಕೋಲು ಹಿಡಿದು ಸೊಂಟ ಬಗ್ಗಿಸಿ ಓಡಿದ ಮಗುವಿನ ತಲೆ ಎಸೆಯುವಾಗಲೂ ತಾನಾಗಿಯೇ ಕೆಳಕ್ಕೆ ವಾಲುತ್ತದೆ. ತಲೆ ವಾಲಿದತ್ತ ದೇಹ, ದೇಹ ವಾಲಿದತ್ತ ಚೆಂಡು. ಕ್ರಿಕೆಟ್ ಆಡಿದ ಮಗುವಿನ ತೊಂದರೆ ಬೇರೆ. ಬೌಲಿಂಗ್‌ನಲ್ಲಿ ಮೊಣಕೈಯನ್ನು ಬಗ್ಗಿಸಿ ಎಸೆಯುವಂತಿಲ್ಲ, ಮೇಲಾಗಿ ಓಡಿಬರುವ ವೇಗ ನೆರವಿಗಿರುತ್ತದೆ. ಪಿಚರ್‌ಗೆ ಓಟವಿಲ್ಲ, ಮೊಣಕೈ ಬಗ್ಗಲೇಬೇಕು. ಅಂಥ ಮಗುವಿಗೆ ‘ಬೌಲಿಂಗ್ ಮರೆತುಬಿಡು, ಕವರ್‌ನಲ್ಲಿ ಚೆಂಡು ಹಿಡಿದು ವಿಕೆಟ್‌ಗೆ ಎಸೆಯುವುದನ್ನು ನೆನಪಿಸಿಕೋ’ ಎಂದು ಹೇಳಿದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಅಭ್ಯಾಸಕ್ಕೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಸಿಮೆಂಟಿನ ಕಣವಲ್ಲ, ಮಣ್ಣಿನ ಕಣ. ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ, ಮಳೆ ಹಿಡಿಯುವುದಕ್ಕೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅದು ಖಾಲಿಯಿರುತ್ತದೆ. ನೆಲ ಸಮತಟ್ಟಾಗಿದ್ದು, ಮೇಲೆ ತೆಳುವಾಗಿ ಧೂಳು ಕುಳಿತಿರುತ್ತದೆ. ಒಮ್ಮೆ ಗುಡಿಸಿಬಿಟ್ಟರೆ ಅನಂತರ ಬೀಳುವ ಪ್ರತಿ ಹೆಜ್ಜೆಯ ಗುರುತೂ ಅಚ್ಚೊತ್ತಿದಂತೆ ಉಳಿಯುತ್ತದೆ. ವಿಡಿಯೊ ಕ್ಯಾಮೆರಾ ತೋರಿಸುವುದಕ್ಕಿಂತ ಹೆಚ್ಚಿನದನ್ನು ಈ ಗುರುತುಗಳು ಮಗುವಿಗೆ ಕಲಿಸುತ್ತವೆ, ಏಕೆಂದರೆ ಅವನ್ನು ಅದು ಮುಟ್ಟಿ ನೋಡಬಹುದು, ಅಳೆಯಬಹುದು. 12 ವರ್ಷದವರೆಗಿನ ಮಕ್ಕಳಿಗೆ 46 ಅಡಿ, ಅಂದರೆ 14 ಮೀಟರ್ ದೂರ ಸಾಕು; ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿಯೂ ಆ ವಯಸ್ಸಿನವರ ಅಳತೆ ಅದೇ. ಕಣದ ಒಂದು ತುದಿಯಲ್ಲಿ ಎರಡು ಅಡಿ ಉದ್ದ, ಆರು ಅಂಗುಲ ಅಗಲದ ಹಲಗೆಯನ್ನು ನೆಲಕ್ಕೆ ಸಮನಾಗಿ ಹೂತು ರಬ್ಬರ್ ಪಟ್ಟಿಯ ಬದಲಿಗೆ ಬಳಸಬಹುದು. ಇನ್ನೊಂದು ತುದಿಯಲ್ಲಿ ಎರಡು ಅಡಿಕೆ ದಬ್ಬೆಗಳನ್ನು ನೆಟ್ಟು, ನಡುವೆ ಹುರಿಯಿಂದ 43 ಸೆಂ.ಮೀ. ಅಗಲದ ಚೌಕಟ್ಟು ಕಟ್ಟಬೇಕು. ಅದರ ಕೆಳ ಅಂಚು ಎದುರು ನಿಲ್ಲುವ ಮಗುವಿನ ಮಂಡಿಯ ಚಿಪ್ಪಿನ ಕೆಳಗಿನ ಮಟ್ಟಕ್ಕೆ, ಮೇಲಿನ ಅಂಚು ಭುಜಕ್ಕೂ ಸೊಂಟಕ್ಕೂ ನಡುವಿನ ಮಟ್ಟಕ್ಕೆ ಬರಲಿ. ಹಿಂದೆ ಗೋಣಿಚೀಲಗಳನ್ನು ತೂಗುಹಾಕಿದರೆ ಚೆಂಡು ತೋಟದೊಳಗೆ ಹೋಗಿ ಕಳೆದುಹೋಗುವುದಿಲ್ಲ.

ಚೆಂಡಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬೇಸ್‌ಬಾಲ್ ಸಿಗದೆ ಕ್ರಿಕೆಟ್ ಚೆಂಡಿನಲ್ಲಿ ಅಭ್ಯಾಸ ಮಾಡಿಸುವ ರೂಢಿ ಇದೆ. ಬೇಸ್‌ಬಾಲ್‌ನ ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ, ಗಾತ್ರದಲ್ಲಿ ತುಸು ಚಿಕ್ಕದು, ಹೊಲಿಗೆಯೂ ಬೇರೆ. ಕೈಬಿಡುವ ಕ್ಷಣದಲ್ಲಿ ಬೆರಳ ತುದಿಗೆ ಸಿಗುವ ಹಿಡಿತವನ್ನೇ ಕಲಿಸಬೇಕಾಗಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ನಾಲ್ಕೇ ನಾಲ್ಕು ಬೇಸ್‌ಬಾಲ್ ಇದ್ದರೂ ಸಾಕು, ಹೆಕ್ಕಿ ತಂದು ಮತ್ತೆ ಎಸೆಯಬಹುದು. ಹಿಡಿತ ಒಂದೇ ಇರಲಿ: ಕುದುರೆಲಾಳದ ಆಕಾರದಲ್ಲಿ ಬಾಗಿದ ಹೊಲಿಗೆಗೆ ಅಡ್ಡಲಾಗಿ ತೋರುಬೆರಳು ಮತ್ತು ನಡುಬೆರಳನ್ನು ಇಟ್ಟು, ಹೆಬ್ಬೆರಳನ್ನು ಚೆಂಡಿನ ಕೆಳಗೆ ಆನಿಸಿ, ಅಂಗೈಗೂ ಚೆಂಡಿಗೂ ನಡುವೆ ಸ್ವಲ್ಪ ಸಂದು ಬಿಡಬೇಕು. ಚೆಂಡನ್ನು ತಿರುಗಿಸಿ ಬಾಗಿಸುವ ಎಸೆತಗಳನ್ನು ನಿಯಂತ್ರಣ ಕಲಿಯುವ ಹಂತದಲ್ಲಿ ಮುಟ್ಟಲೇಬಾರದು.

ಇನ್ನು ಚಲನೆಯ ವಿಷಯ. ಬಲಗೈ ಪಿಚರ್ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಬೇಕು. ಬಲಪಾದ ಹಲಗೆಯ ಮುಂದಿನ ಅಂಚಿಗೆ ತಾಗಿಕೊಂಡು ಅಡ್ಡಲಾಗಿ ನಿಲ್ಲಬೇಕು, ಪ್ರತಿ ಸಲವೂ ಹಲಗೆಯ ಅದೇ ಜಾಗದಲ್ಲಿ. ಎಡ ಮಂಡಿಯನ್ನು ಸೊಂಟದ ಎತ್ತರಕ್ಕೆ ಎತ್ತಿದಾಗ ದೇಹದ ಭಾರ ಬಲಪಾದದ ನಡುವೆ ನಿಂತಿರಬೇಕು, ಹಿಮ್ಮಡಿಗೆ ಜಾರಿರಬಾರದು. ಕಲಿಯುವ ಮಗುವನ್ನು ಈ ಸ್ಥಿತಿಯಲ್ಲಿ ಎರಡು ಎಣಿಸುವವರೆಗೆ ನಿಲ್ಲಿಸಿ ನೋಡಬೇಕು. ಓಲಾಡಿದರೆ ಎಸೆತಕ್ಕೆ ಅವಸರ ಬೇಡ, ಇನ್ನೂ ಎರಡು ದಿನ ಬರೀ ನಿಲ್ಲುವುದನ್ನೇ ಅಭ್ಯಾಸ ಮಾಡಲಿ. ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಿರಿಯರನ್ನು ಗಮನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರು ಮೊದಲು ಕಾಲೂರಿ ನಿಲುವನ್ನು ಸರಿಮಾಡಿಕೊಳ್ಳುತ್ತಾರೆ, ಕೋವಿಯನ್ನು ಹೆಗಲಿಗೆ ಕೂರಿಸುತ್ತಾರೆ, ಕಾಯಿಯತ್ತ ಕಣ್ಣು ನೆಡುವುದು ಆಮೇಲೆ.

ಎತ್ತಿದ ಎಡಪಾದ ಎಲ್ಲಿ ಬೀಳುತ್ತದೆ ಎಂಬುದರಲ್ಲಿಯೇ ನಿಯಂತ್ರಣದ ಬಹುಪಾಲು ಅಡಗಿದೆ, ಹಾಗಾಗಿ ಇಲ್ಲಿ ತಾಳ್ಮೆಯಿಂದ ಕೆಲಸ ಮಾಡಬೇಕು. ಬಲಪಾದದ ನಡುವಿನಿಂದ ಪ್ಲೇಟಿನ ನಡುವಿಗೆ ಬೂದಿಯಿಂದ ಒಂದು ನೇರ ಗೆರೆ ಎಳೆಯಿರಿ. ಎಡಪಾದ ಆ ಗೆರೆಯ ಮೇಲೆ, ಅಥವಾ ಅದರಿಂದ ನಾಲ್ಕೈದು ಸೆಂ.ಮೀ. ಬಲಕ್ಕೆ, ಬೆರಳುಗಳು ಸ್ವಲ್ಪವೇ ಒಳಮುಖವಾಗಿ ಬೀಳಬೇಕು. ಹೆಜ್ಜೆಯ ಉದ್ದ ಮಗುವಿನ ಎತ್ತರದ ನೂರಕ್ಕೆ 80ರ ಆಸುಪಾಸಿನಲ್ಲಿದ್ದರೆ ಆರಂಭಕ್ಕೆ ಸರಿ; ಐದು ಅಡಿ ಎತ್ತರದ ಹುಡುಗನಿಗೆ ಅದು ಸುಮಾರು 120 ಸೆಂ.ಮೀ. ಆಗುತ್ತದೆ. ಪಾದ ತುಂಬಾ ಬಲಕ್ಕೆ ಬಿದ್ದರೆ ಸೊಂಟ ತಿರುಗಲು ಜಾಗವಿಲ್ಲದೆ ಕೈ ಎದೆಗೆ ಅಡ್ಡಲಾಗಿ ಹಾದುಹೋಗಬೇಕಾಗುತ್ತದೆ. ಎಡಕ್ಕೆ ಬಿದ್ದರೆ ಸೊಂಟವೂ ಭುಜವೂ ಬೇಗ ತೆರೆದುಕೊಂಡು ಕೈ ಹಿಂದೆ ಉಳಿಯುತ್ತದೆ. ಆಗ ಚೆಂಡು ಮೇಲಕ್ಕೆ ಮತ್ತು ಬಲಕ್ಕೆ ಹಾರುವುದಷ್ಟೇ ಅಲ್ಲ, ಹಿಂದುಳಿದ ಕೈಯನ್ನು ಎಳೆದು ತರುವ ಭಾರವೆಲ್ಲ ಮೊಣಕೈ ಮತ್ತು ಭುಜದ ಮೇಲೆ ಬೀಳುತ್ತದೆ. ನಿಯಂತ್ರಣ ಕೆಡಿಸುವ ತಪ್ಪು ಮತ್ತು ಕೈಗೆ ನೋವು ತರುವ ತಪ್ಪು ಹೆಚ್ಚಾಗಿ ಒಂದೇ ಆಗಿರುವುದರಿಂದ, ಇದನ್ನು ತಿದ್ದಲು ಕಳೆದ ಸಮಯ ಎಂದೂ ವ್ಯರ್ಥವಲ್ಲ.

ನನ್ನ ಬಳಿ ಕಲಿತ ಹದಿಮೂರರ ಹುಡುಗನೊಬ್ಬ ವೇಗವಾಗಿ ಎಸೆಯುತ್ತಿದ್ದ, ಆದರೆ ಹತ್ತರಲ್ಲಿ ಮೂರು ಚೆಂಡು ಚೌಕಟ್ಟಿನೊಳಗೆ ಬಿದ್ದರೆ ಅದೇ ಹೆಚ್ಚು. ಹಲವು ವಾರ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಒಂದು ದಿನ ಕಣ ಗುಡಿಸಿ ಹತ್ತು ಎಸೆತ ಎಸೆಯಲು ಹೇಳಿ, ಆಮೇಲೆ ಇಬ್ಬರೂ ನೆಲ ನೋಡಿದೆವು. ಹತ್ತು ಹೆಜ್ಜೆಗಳು ಒಂದು ಗೋಣಿಚೀಲದಷ್ಟು ಅಗಲಕ್ಕೆ ಚೆಲ್ಲಾಡಿದ್ದವು. ಮುಂದಿನ ಎರಡು ವಾರ ನಾವು ಚೌಕಟ್ಟಿನತ್ತ ನೋಡಲೇ ಇಲ್ಲ. ಹೆಜ್ಜೆಗಳೆಲ್ಲ ಒಂದು ಅಂಗೈ ಅಗಲದೊಳಗೆ ಬರುವವರೆಗೂ ಅವನು ಅರ್ಧ ವೇಗದಲ್ಲಿಯೇ ಎಸೆದ. ಚೆಂಡುಗಳು ಹತ್ತಿರ ಹತ್ತಿರ ಬೀಳತೊಡಗಿದ್ದನ್ನು ಮೊದಲು ಗಮನಿಸಿದವನು ಅವನೇ.

ಪಾದ ನೆಲ ಮುಟ್ಟುವ ಕ್ಷಣದಲ್ಲಿ ಬಲ ಮೊಣಕೈ ಭುಜದ ಮಟ್ಟಕ್ಕೆ ಬಂದಿರಬೇಕು. ಇಲ್ಲಿಂದ ಮುಂದಿನದು ಕಣ್ಣಿಗೆ ನಿಲುಕದಷ್ಟು ಬೇಗ ನಡೆದುಹೋಗುವುದರಿಂದ, ಈ ಒಂದು ಕ್ಷಣವನ್ನು ಪರೀಕ್ಷಿಸಿದರೆ ಸಾಕು. ಎರಡು ಕೈಗಳು ಎದೆಯ ಮುಂದೆ ಬೇರೆಯಾಗುವ ಹೊತ್ತು ಪ್ರತಿ ಸಲವೂ ಒಂದೇ ಆಗಿದ್ದರೆ ಮೊಣಕೈ ತಡವಾಗಿ ಏಳುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಎಡಗೈಯ ಗ್ಲೌಸನ್ನು ಹಿಂದಕ್ಕೆ ಬೀಸಿ ಎಳೆಯುವ ಚಾಳಿ ಮಕ್ಕಳಲ್ಲಿ ಸಾಮಾನ್ಯ. ಅದು ಎದೆಯ ಮುಂದೆ ಗಟ್ಟಿಯಾಗಿ ನಿಂತು, ಎದೆಯೇ ಅದರತ್ತ ಬರಬೇಕು. ಚೆಂಡು ಬಿಟ್ಟ ಮೇಲೆ ಬಲಗೈ ಎಡ ಮಂಡಿಯ ಹೊರಬದಿಯವರೆಗೆ ಸಾಗಿ ನಿಲ್ಲಲಿ. ನಡುವೆಯೇ ಕೈ ತಡೆದು ನಿಲ್ಲಿಸಿದರೆ ಭುಜಕ್ಕೆ ಪೆಟ್ಟು.

ಚೆಂಡು ಎಲ್ಲಿ ಬಿತ್ತು ಎಂಬುದನ್ನು ಬೈಗುಳಕ್ಕೆ ನೆಪ ಮಾಡಿಕೊಳ್ಳದೆ ಸೂಚನೆಯಾಗಿ ಓದಬೇಕು. ಮೇಲಕ್ಕೆ ಮತ್ತು ಬಲಕ್ಕೆ ಹೋಗುತ್ತಿದ್ದರೆ ಭುಜ ಬೇಗ ತೆರೆದಿದೆ ಅಥವಾ ಚೆಂಡನ್ನು ಬೇಗ ಬಿಡಲಾಗಿದೆ. ಕೆಳಕ್ಕೆ ಮತ್ತು ಎಡಕ್ಕೆ ಹೋಗುತ್ತಿದ್ದರೆ ತಡವಾಗಿ ಬಿಡಲಾಗಿದೆ, ತಲೆಯೂ ಹೆಚ್ಚಾಗಿ ಎಡಕ್ಕೆ ವಾಲಿರುತ್ತದೆ. ಒಂದೇ ಕಡೆಗೆ ತಪ್ಪುವ ಮಗು ಬಹಳ ಬೇಗ ಸರಿಹೋಗುತ್ತದೆ, ಏಕೆಂದರೆ ಅದರ ಚಲನೆ ಆಗಲೇ ಸ್ಥಿರವಾಗಿದ್ದು ಒಂದೇ ತಿದ್ದುಪಡಿ ಬೇಡುತ್ತಿದೆ. ನಾಲ್ಕೂ ದಿಕ್ಕಿಗೆ ತಪ್ಪುವ ಮಗುವನ್ನು ಮತ್ತೆ ಹೆಜ್ಜೆಯ ಗುರುತಿಗೆ ಕರೆದೊಯ್ಯಬೇಕು. ಪುಸ್ತಕವೊಂದರಲ್ಲಿ ಹತ್ತು ಹತ್ತು ಎಸೆತಗಳ ಲೆಕ್ಕ ಬರೆದಿಡುವುದು ಒಳ್ಳೆಯದು: ಮೊದಲ ಸಾಲಿನಲ್ಲಿ ಪಾದ ಎಷ್ಟು ಸಲ ಸರಿಯಾದ ಜಾಗಕ್ಕೆ ಬಿತ್ತು, ಎರಡನೆಯದರಲ್ಲಿ ಚೆಂಡು ಎಷ್ಟು ಸಲ ಚೌಕಟ್ಟಿನೊಳಗೆ ಹೋಯಿತು. ಮೊದಲ ಸಾಲಿನಲ್ಲಿ ಎಂಟು ಬರುವವರೆಗೆ ವೇಗ ಹೆಚ್ಚಿಸಲು ನಾನು ಬಿಡುವುದಿಲ್ಲ. ವೇಗವನ್ನು ಏರಿಸುವಾಗಲೂ ಅರ್ಧದಿಂದ ಮುಕ್ಕಾಲಿಗೆ, ಅಲ್ಲಿಂದ ಪೂರ್ತಿಗೆ, ಪ್ರತಿ ಹಂತಕ್ಕೂ ಒಂದು ವಾರವಾದರೂ ಕೊಡಬೇಕು.

ಎಷ್ಟು ಎಸೆಯಬೇಕು ಎಂಬ ಪ್ರಶ್ನೆಯಲ್ಲಿ ತಂದೆತಾಯಿಗಳೂ ತರಬೇತುದಾರರೂ ಮಗುವಿನ ಉತ್ಸಾಹಕ್ಕೆ ಮಣಿಯಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಲಿಟಲ್ ಲೀಗ್ ನಿಯಮದಂತೆ 11 ಮತ್ತು 12 ವರ್ಷದವರು ಪಂದ್ಯದ ದಿನ 85ಕ್ಕಿಂತ, 13ರಿಂದ 16ರವರೆಗಿನವರು 95ಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 14 ವರ್ಷದವರೆಗಿನ ಮಗು ಒಂದು ದಿನ 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ, 51ರಿಂದ 65 ಎಸೆದರೆ ಮೂರು ದಿನ, 36ರಿಂದ 50 ಎಸೆದರೆ ಎರಡು ದಿನ ವಿಶ್ರಾಂತಿ ಕಡ್ಡಾಯ. ಇವು ಮಿತಿಗಳೇ ಹೊರತು ಗುರಿಗಳಲ್ಲ. ಚಲನೆ ಕಲಿಯುವ ದಿನಗಳಲ್ಲಿ ಮೂವತ್ತು, ಹೆಚ್ಚೆಂದರೆ ನಲವತ್ತು ಎಸೆತ ಧಾರಾಳವಾಯಿತು. ದಣಿದ ದೇಹ ಕಲಿಯುವುದು ತಪ್ಪನ್ನೇ. ಬೆಳೆಯುವ ಮಕ್ಕಳ ಮೊಣಕೈಯ ಒಳಬದಿಯಲ್ಲಿ ಮೂಳೆ ಬೆಳೆಯುವ ಮೃದು ಭಾಗವಿದ್ದು, ಅಲ್ಲಿ ನೋವು ಕಾಣಿಸಿದ ಕೂಡಲೇ ಎಸೆತ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು. ಎಣ್ಣೆ ತಿಕ್ಕಿ ಮರುದಿನ ಮತ್ತೆ ಎಸೆಯಲು ಕಳುಹಿಸುವುದು ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಣವನ್ನು ಕೆಸರು ಮಾಡುತ್ತದೆ, ನೆನೆದ ಚರ್ಮದ ಚೆಂಡು ಭಾರವಾಗಿ ಜಾರುತ್ತದೆ. ಈ ತಿಂಗಳುಗಳು ಕೈಗೆ ಸಹಜವಾಗಿ ಸಿಗುವ ವಿಶ್ರಾಂತಿ. ಆದರೆ ಪಾದಕ್ಕೆ ವಿಶ್ರಾಂತಿ ಬೇಡ. ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಚೆಂಡಿಲ್ಲದೆ, ಚಿಕ್ಕ ಟವೆಲೊಂದರ ತುದಿಯನ್ನು ಬೆರಳುಗಳ ನಡುವೆ ಹಿಡಿದು ಇಡೀ ಚಲನೆಯನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿಸಬಹುದು. ಅದರಲ್ಲಿ ಐದು ಸಲ ಕಣ್ಣು ಮುಚ್ಚಿ ಮಾಡಲಿ. ಹೆಜ್ಜೆ ಇಟ್ಟು, ಹಾಗೆಯೇ ನಿಂತು, ಕಣ್ಣು ತೆರೆದು ಪಾದ ಗೆರೆಯ ಮೇಲಿದೆಯೇ ಎಂದು ತಾನೇ ನೋಡಿಕೊಳ್ಳಲಿ.

ಮಳೆ ಬಿಟ್ಟು ನೆಲ ಆರಿದ ಮೇಲೆ, ಪಂದ್ಯದಲ್ಲಿ ಪಿಚರ್ ನಿಂತು ಎಸೆಯುವಂಥ ಮಣ್ಣಿನ ದಿಬ್ಬ ಕಟ್ಟುವ ಕೆಲಸಕ್ಕೆ ಕೈಹಾಕಬಹುದು. ನಿಯಮದ ದಿಬ್ಬದ ಎತ್ತರ 10 ಅಂಗುಲ. ಹಲಗೆಯ ಮುಂದೆ ಆರು ಅಂಗುಲ ಸಮತಟ್ಟು ಬಿಟ್ಟು, ಅಲ್ಲಿಂದ ಅಡಿಗೊಂದು ಅಂಗುಲದಂತೆ ಇಳಿಯಬೇಕು. ಕೊಡಗಿನಲ್ಲಿ ಇಳಿಜಾರಿಗೆ ಬರವಿಲ್ಲವೆಂದು ತೋಟದ ಯಾವುದೋ ಏರಿನ ಮೇಲೆ ಮಗುವನ್ನು ನಿಲ್ಲಿಸಬಾರದು, ಏಕೆಂದರೆ ಆ ಇಳಿಜಾರು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ದಿಬ್ಬದ ಮೇಲೆ ಪಾದ ನೆಲ ಮುಟ್ಟುವುದು ತುಸು ತಡವಾಗುವುದರಿಂದ ಸಮತಟ್ಟು ಕಣದಲ್ಲಿ ಎಂಟು ಸಲ ಸರಿಬಿದ್ದ ಹೆಜ್ಜೆ ಇಲ್ಲಿ ಮತ್ತೆ ನಾಲ್ಕಕ್ಕೆ ಇಳಿಯಬಹುದು. ಆಗ ಗಾಬರಿಯಾಗದೆ ಅರ್ಧ ವೇಗಕ್ಕೆ ಹಿಂದಿರುಗಿ, ದಿಬ್ಬದ ಇಳಿಜಾರಿನ ಮೇಲೆ ಬೂದಿಯ ಗೆರೆಯನ್ನು ಹೊಸದಾಗಿ ಎಳೆದು, ಹತ್ತರ ಲೆಕ್ಕವನ್ನು ಪುಸ್ತಕದ ಹೊಸ ಪುಟದಿಂದ ಆರಂಭಿಸಬೇಕು.