ಕಾಫಿ ಶಾಪ್ ಕಪ್ಪಲ್ಲಿ ಸಕ್ಕರೆ ಎಷ್ಟಿದೆ ಅಂತ ಲೆಕ್ಕ ಹಾಕೋದು ಹೇಗೆ?

'ಡಯಟ್ ಮಾಡ್ತಿದೀನಿ, ಸ್ಕಿಮ್ಡ್ ಮಿಲ್ಕೇ ಹಾಕಿ' ಅಂತ ಒತ್ತಿ ಹೇಳಿ, ಅದೇ ಉಸಿರಲ್ಲಿ ಕ್ಯಾರಮೆಲ್ ಸಿರಪ್ಪೂ ಹಾಕಿಸ್ಕೊಳ್ಳೋರನ್ನ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಇದು.

ಸ್ಟೆಪ್ 1: ಕಾಫಿನ ಲೆಕ್ಕದಿಂದ ಬಿಟ್ಬಿಡಿ. ಹಾಲು ಸಕ್ಕರೆ ಇಲ್ದಿರೋ ಒಂದು ಕಪ್‌ನಲ್ಲಿ ಇರೋದೇ ಐದು ಕ್ಯಾಲರಿ ಒಳಗೆ.

ಸ್ಟೆಪ್ 2: ಹಾಲು. ಕೆನೆ ತೆಗೀದೇ ಇರೋ ಹಾಲಲ್ಲಿ 100 ಎಂಎಲ್‌ಗೆ ಸುಮಾರು 60-65 ಕ್ಯಾಲರಿ, ಸ್ಕಿಮ್ಡ್‌ನಲ್ಲಿ 35. ಹೋಗೋದು ಕೊಬ್ಬು ಮಾತ್ರ, ಹಾಲಿನದೇ ಆದ ಸಕ್ಕರೆ (ಲ್ಯಾಕ್ಟೋಸ್) ಎರಡರಲ್ಲೂ ಹತ್ರಹತ್ರ 5 ಗ್ರಾಂ. ಅದಕ್ಕೇನೂ ಹೆದರ್ಬೇಕಾಗಿಲ್ಲ.

ಸ್ಟೆಪ್ 3: ಸಿರಪ್. ಎಲ್ರೂ ಎಡವೋದು ಇಲ್ಲೇ. ಸಿರಪ್ ಬಾಟಲಿ ಮೇಲಿರೋ ಪಂಪ್ ಒಂದ್ಸಲ ಒತ್ತಿದ್ರೆ ಸಾಮಾನ್ಯವಾಗಿ 5 ಗ್ರಾಂ ಸಕ್ಕರೆ, 20 ಕ್ಯಾಲರಿ, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿನೇ, ಚಿಕ್ಕ ಕಪ್‌ಗೆ ಮೂರು ಒತ್ತಿದ್ರೆ ದೊಡ್ಡದಕ್ಕೆ ನಾಲ್ಕೋ ಐದೋ ಒತ್ತೋದು ಮಾಮೂಲು. ಆರ್ಡರ್ ಮಾಡೋಕೆ ಮುಂಚೆನೇ 'ಎಷ್ಟು ಪಂಪ್ ಹಾಕ್ತೀರಾ?' ಅಂತ ಕೇಳಿ, ನಾಚಿಕೆ ಬೇಡ.

ಈಗ ಲೆಕ್ಕ ನೋಡಿ. 300 ಎಂಎಲ್ ಹಾಲಿನ ವೆನಿಲ್ಲಾ ಲಾಟೆ, ಮೂರು ಪಂಪ್: ಹಾಲಿಂದ 190, ಸಿರಪ್ಪಿಂದ 60, ಒಟ್ಟು 250 ಕ್ಯಾಲರಿ. ಸ್ಕಿಮ್ಡ್ ಮಾಡಿದ್ರೆ 165ಕ್ಕೆ ಇಳಿಯತ್ತೆ ನಿಜ, ಆದ್ರೆ ಸುರಿದಿರೋ ಸಕ್ಕರೆ 15 ಗ್ರಾಂ ಹಾಗೇ ಕೂತಿರತ್ತೆ! ನನ್ನ ಕೇಳಿದ್ರೆ ಗಟ್ಟಿ ಹಾಲೇ ಇರ್ಲಿ, ಪಂಪ್ ಒಂದೇ ಸಾಕು. 'ಸಿಹಿ ಕಮ್ಮಿ' ಅಂತ ಮಾತ್ರ ಹೇಳ್ಬೇಡಿ, ಒಬ್ಬೊಬ್ರ ಕಮ್ಮಿ ಒಂದೊಂದು ಥರ, 'ಒಂದೇ ಪಂಪ್' ಅಂತ ನಂಬರ್ ಹೇಳಿ.

ಇನ್ನೊಂದು ಪೇಚು, ಪಂಪೇ ಇಲ್ದೆ ಬರೋ ಸಕ್ಕರೆ. ಚಾಯ್ ಲಾಟೆ ಕಾನ್ಸಂಟ್ರೇಟ್, ಫ್ರಾಪೆ (ಐಸ್ ಹಾಕಿ ಅರೆದ ಕೋಲ್ಡ್ ಕಾಫಿ) ಮಿಕ್ಸ್, ಚಾಕೊಲೇಟ್ ಸಾಸ್, ಕೆಲವು ಮಾಚಾ (ಗ್ರೀನ್ ಟೀ) ಪೌಡರ್, ಇವುಗಳಲ್ಲಿ ಸಕ್ಕರೆ ಮೊದಲೇ ಬೆರೆತಿರತ್ತೆ, ಸಿರಪ್ ಬೇಡ ಅಂದ್ರೂ ಆ ಸಕ್ಕರೆ ತಪ್ಪಿಸೋಕಾಗಲ್ಲ. ಜೊತೆಗೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗತ್ತೆ (ಕರಗಿದ ಐಸ್‌ಕ್ರೀಮ್ ನೆಕ್ಕಿ ನೋಡಿ, ಗಂಟಲು ಕಟ್ಟತ್ತೆ), ಹಾಗಾಗಿ ಕೋಲ್ಡ್ ಡ್ರಿಂಕ್‌ನ ಬಾಯಿರುಚಿ ನಂಬಿ ಅಂದಾಜು ಮಾಡ್ಬೇಡಿ. ಜೇನುತುಪ್ಪ, ಬ್ರೌನ್ ಶುಗರ್ ಅಂತ ಸಮಾಧಾನ ಮಾಡ್ಕೊಳ್ಳೋದೂ ಬೇಡ, ಅವೂ ಲೆಕ್ಕಕ್ಕೆ ಸೇರ್ತವೆ. ಶುಗರ್‌ಫ್ರೀ ಸಿರಪ್ ನಂಗಂತೂ ಆಗಲ್ಲ, ಕುಡಿದು ಅರ್ಧ ಗಂಟೆ ಆದ್ರೂ ಬಾಯಲ್ಲಿ ಏನೋ ಒಂಥರಾ ಉಳ್ಕೊಳ್ಳತ್ತೆ, ಅದಕ್ಕಿಂತ ವಾರಕ್ಕೊಂದು ಪಂಪ್ ಕಮ್ಮಿ ಮಾಡ್ತಾ ಬಂದ್ರೆ ನಾಲಿಗೆನೇ ಹೊಂದ್ಕೊಳ್ಳತ್ತೆ.

ಸ್ಟೆಪ್ 4: ಮೇಲಿನ ವಿಪ್ಡ್ ಕ್ರೀಮ್ ಬೇಡ ಅನ್ನಿ. ನೂರು ಕ್ಯಾಲರಿವರೆಗೂ ಉಳಿಯತ್ತೆ.

ಸ್ಟೆಪ್ 5: ಬಂದ ಗ್ರಾಂನ ದಿನದ ಮಿತಿ ಜೊತೆ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಸೇರಿಸಿದ ಸಕ್ಕರೆ, ಜೇನು, ಜ್ಯೂಸ್ ಸಕ್ಕರೆ ಎಲ್ಲಾ ಸೇರಿ ದಿನದ ಕ್ಯಾಲರಿಯ ಶೇ 10ಕ್ಕಿಂತ ಕಮ್ಮಿ ಇರ್ಬೇಕು, ಶೇ 5ರ ಒಳಗಿದ್ರೆ ಇನ್ನೂ ಒಳ್ಳೇದು. 2000 ಕ್ಯಾಲರಿ ಲೆಕ್ಕದಲ್ಲಿ 50 ಗ್ರಾಂ, 25 ಗ್ರಾಂ. ಹಾಲಿನ ಲ್ಯಾಕ್ಟೋಸ್ ಇದರಲ್ಲಿ ಬರಲ್ಲ. ಐದು ಪಂಪ್‌ನ ದೊಡ್ಡ ಕಪ್ ಒಂದಕ್ಕೇ ಆ 25 ಮುಗೀತು.

ಅಂಗಡಿಯಲ್ಲಿ ಚಾರ್ಟ್ ಹಾಕಿದ್ರೆ ಅದನ್ನೂ ನೋಡಿ, ಆದ್ರೆ ನಂಬರ್ ಯಾವ ಸೈಜ್‌ದು, ಯಾವ ಹಾಲಿಂದು ಅಂತ ಮೊದಲು ಓದ್ಕೊಳ್ಳಿ. ಬಾಟಲ್ ಕಾಫಿ ಆದ್ರೆ ಲೇಬಲ್ ಮೇಲಿರೋದು ಎಷ್ಟೋ ಸಲ 100 ಎಂಎಲ್ ಲೆಕ್ಕ, ಬಾಟಲ್ ಪೂರ್ತಿದಲ್ಲ.