ಮಿಡಿ ಕೊಳ್ಳುವ ಮೊದಲು ಒಂದು ತೊಟ್ಟು ಮುರಿದು ನೋಡಿ

ಹೋದ ವರ್ಷ ಬೇಸಿಗೆ ಶುರುವಾಗುವಾಗ ಬೆಂಗಳೂರಿನಿಂದ ಬಂದ ಮೊಮ್ಮಗಳು ಉಪ್ಪಿನಕಾಯಿಗೆ ಅಂತ ಸಂತೆಗೆ ಹೋಗಿ ಇನ್ನೂರು ಮಾವಿನ ಮಿಡಿ ತಂದಳು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಸಿಕೊಂಡು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಎರಡು ಗಂಟೆ ಬಿಟ್ಟು ತಂದಿದ್ದು. ಮನೆಗೆ ಬಂದವಳೇ ಎಲ್ಲದರ ತೊಟ್ಟನ್ನೂ ಬುಡಕ್ಕೆ ಕಿತ್ತು, ಚೆನ್ನಾಗಿ ತೊಳೆದು, ಒದ್ದೆ ಇರುವಾಗಲೇ ಪುಡಿ ಉಪ್ಪು ಸುರಿದಳು. ನಾನು ಮದುವೆ ಮನೆಗೆ ಹೋಗಿದ್ದೆ. ಇಲ್ಲದಿದ್ದರೆ ಕೈ ಹಿಡಿದು ನಿಲ್ಲಿಸುತ್ತಿದ್ದೆ. ತಿಂಗಳೊಳಗೆ ಮಿಡಿಯೆಲ್ಲ ಮೆತ್ತಗಾಗಿ, ಲೋಳೆ ಬಂದು, ತಿಪ್ಪೆ ಸೇರಿತು. "ಅಜ್ಜಿ, ಸಂತೆಯವರು ಮೋಸ ಮಾಡಿದ್ರು" ಅಂತ ಫೋನು ಬೇರೆ! ಮಾರಿದವಳ ಮಿಡಿ ಚೆನ್ನಾಗಿಯೇ ಇತ್ತು, ನಾನು ಕಂಡಿದ್ದೇನೆ.

ಈಗಿನವರಿಗೆ ಸಂತೆಗೆ ಹೋಗುವುದು ಗೊತ್ತು, ಸಂತೆಯಲ್ಲಿ ನೋಡುವುದು ಗೊತ್ತಿಲ್ಲ. ಆಷಾಢದಲ್ಲಿ ಬಂದು ಹೂಕೋಸು ಕೇಳುತ್ತಾರೆ. ಅದು ವರ್ಷವಿಡೀ ಎಲ್ಲ ಕಡೆಯೂ ಸಿಗುತ್ತದೆ, ಅದಕ್ಕೆ ಮಲೆನಾಡಿನ ನಮ್ಮ ಸಾಗರ ಊರಿನ ಕಡೆ ಯಾಕೆ ಬರಬೇಕು? ನೀವು ನೋಡಬೇಕಾದ್ದು ಸಾಲಾಗಿ ಜೋಡಿಸಿಟ್ಟ ಅಂಗಡಿಯನ್ನಲ್ಲ. ಮೂಲೆಯಲ್ಲಿ ಗೋಣಿತಾಟು ಹಾಸಿಕೊಂಡು, ಮುಂದೆ ನಾಲ್ಕೇ ನಾಲ್ಕು ಸಾಮಾನು ಇಟ್ಟುಕೊಂಡು ಕೂತ ಹೆಂಗಸನ್ನು ನೋಡಿ. ಅವಳ ಬುಟ್ಟಿಯಲ್ಲಿ ಇರುವುದು ಅವತ್ತಿನ ಕಾಲದ್ದು. ಬೇಸಿಗೆಗೆ ಮುಂಚೆ ಎಳೆ ಹಲಸಿನ ಗುಜ್ಜೆ, ಬಿಸಿಲು ಏರಿದ ಮೇಲೆ ಮುರುಗಲು, ಕವಳೆ ಹಣ್ಣು, ಮಳೆ ಬಿದ್ದ ಮೇಲೆ ನೇರಳೆ, ಕಳಲೆ, ಮರಕೆಸು.

ಕಳಲೆ ಅಂದೆನಲ್ಲ, ಅದನ್ನು ತಂದ ದಿನವೇ ಪಲ್ಯ ಮಾಡಿದವರನ್ನೂ ಕಂಡಿದ್ದೇನೆ! ಬಿದಿರಿನ ಎಳೆ ಮೊಳಕೆ ಅದು. ಹಸಿಯದರಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ನೀರಲ್ಲಿ ಮುಳುಗಿಸಿ, ದಿನಾ ನೀರು ಚೆಲ್ಲಿ ಬೇರೆ ನೀರು ಹಾಕುತ್ತಾ ಎರಡು ಮೂರು ದಿನ ಇಡಬೇಕು. ಆಮೇಲೂ ಚೆನ್ನಾಗಿ ಬೇಯಿಸಬೇಕು. ಕೆಸುವಿನ ಎಲೆಗೂ ಎಚ್ಚರ ಬೇಕು, ಹುಳಿ ಕಮ್ಮಿ ಮಾಡಿದಿರೋ ಗಂಟಲು ಕೆರೆದುಕೊಂಡು ಕೂರಬೇಕು. ಪತ್ರೊಡೆ ತಿಂದು ಬಾಯಿ ತುರಿಸಿತು ಅಂದರೆ ಎಲೆಯನ್ನು ಬೈಯಬೇಡಿ.

ಈಗ ಮಿಡಿಯ ವಿಷಯ. ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ ಯಾವುದೋ ಎಳೆ ಮಾವು ಅಲ್ಲ. ಶರಾವತಿ, ವರದಾ, ಅಘನಾಶಿನಿ ಹರಿಯುವ ಕಡೆ ಹೊಳೆ ಹಳ್ಳದ ದಂಡೆಯ ಕಾಡು ಮರಗಳದ್ದು. ಭೌಗೋಳಿಕ ಸೂಚಕದ ಪಟ್ಟವೂ ಸಿಕ್ಕಿದೆ. ಒಂದು ಮರದ್ದು ಇನ್ನೊಂದರ ಹಾಗಿರುವುದಿಲ್ಲ. ಕೆಲವು ಜೀರಿಗೆ ಪರಿಮಳ, ಕೆಲವು ಕರ್ಪೂರದ ಹಾಗೆ. ಅನಂತ ಭಟ್ಟನ ಅಪ್ಪೆ, ಹಳದೋಟ ಅಂತ ಮರಕ್ಕೇ ಹೆಸರು. ರಿಪ್ಪನ್‌ಪೇಟೆಯಲ್ಲಿ ಕಾಲ ಬಂದಾಗ ರಾಶಿ ರಾಶಿ ಮಿಡಿ ನೋಡಬಹುದು. ತೂಕ ಅಲ್ಲ, ನೂರರ ಲೆಕ್ಕದಲ್ಲಿ ಮಾರುತ್ತಾರೆ.

ಕೊಳ್ಳುವಾಗ ಮೊದಲು ಕೇಳಬೇಕಾದ್ದು ರೇಟು ಅಲ್ಲ, "ಯಾವಾಗ ಕೊಯ್ದಿದ್ದು?" ಅಂತ. ನಿನ್ನೆ ಸಂಜೆಯದು ಅಥವಾ ಇವತ್ತು ಬೆಳಗಿನದು ಆಗಬೇಕು. ಆಮೇಲೆ ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿಯಿರಿ. ಸೊನೆ ಚಿಮ್ಮಬೇಕು. ಮುಖ ದೂರ ಇಟ್ಟುಕೊಳ್ಳಿ, ಕಣ್ಣಿಗೆ ಬಿದ್ದರೆ ಉರಿ, ಚರ್ಮಕ್ಕೆ ತಾಗಿದರೆ ಕಪ್ಪು ಕಲೆ. ಆ ಸೊನೆಯನ್ನು ಮೂಸಿ ನೋಡಿ. ಪರಿಮಳವೆಲ್ಲ ಅದರಲ್ಲೇ ಇರುವುದು. ವಾಸನೆಯೇ ಇಲ್ಲದಿದ್ದರೆ ಮಿಡಿ ಎಷ್ಟೇ ಚಂದ ಇರಲಿ, ಮುಂದೆ ಹೋಗಿ. ನಂತರ ಉಗುರು ಒತ್ತಿ, ಇಲ್ಲವೇ ಚಾಕುವಿನಿಂದ ಅಡ್ಡ ಕೊಯ್ಯಿರಿ. ಗೊರಟು ಕೂತಿರಬಾರದು, ಚಾಕು ಎಲ್ಲೂ ತಡೆಯದೆ ಇಳಿಯಬೇಕು. ಮಾರುವವಳು ಗೊಣಗಿದರೆ ಆ ಒಂದು ಮಿಡಿಯ ದುಡ್ಡು ಕೊಟ್ಟುಬಿಡಿ.

ಇನ್ನೊಂದು ಮಾತು. ಮರದಿಂದ ನೆಲಕ್ಕೆ ಬಿದ್ದ ಮಿಡಿ ಬೇಡವೇ ಬೇಡ. ನಮ್ಮ ಅತ್ತೆ ಮಿಡಿ ಕೊಯ್ಯಿಸುವಾಗ ಮರದ ಕೆಳಗೇ ನಿಂತಿರುತ್ತಿದ್ದರು. ಮೇಲಿನಿಂದ ಬುಟ್ಟಿಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಬೇಕು. ಒಂದು ಮಿಡಿ ಕೆಳಗೆ ಬಿದ್ದರೂ ಅದನ್ನು ಬೇರೆ ಇಟ್ಟು ಅವತ್ತಿನ ಅಪ್ಪೆಹುಳಿಗೆ, ಅಂದರೆ ಮಾವಿನ ತೆಳು ಸಾರಿಗೆ, ಹಾಕುತ್ತಿದ್ದರು. ಪೆಟ್ಟಾದ ಜಾಗ ಮೊದಲ ದಿನ ಕಾಣುವುದಿಲ್ಲ, ಜಾಡಿಯೊಳಗೆ ಹೋದ ಮೇಲೆ ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದು ಬರೀ ಮಡಿ ಅಂದುಕೊಂಡಿದ್ದೆ. ಒಂದು ವರ್ಷ ಕದ್ದು ಹತ್ತು ಬಿದ್ದ ಮಿಡಿ ಸೇರಿಸಿದೆ. ದೊಡ್ಡ ಜಾಡಿ ಪೂರ್ತಿ ಹಾಳು. ಅತ್ತೆ ಬೈಯಲಿಲ್ಲ, ಆ ವರ್ಷ ಊಟದ ಹೊತ್ತಿಗೆ ನನ್ನ ಮುಖ ನೋಡುತ್ತಿದ್ದರು ಅಷ್ಟೇ.

ಮನೆಗೆ ತರುವುದು ಬಟ್ಟೆ ಚೀಲದಲ್ಲಿ, ಇಲ್ಲವೇ ಬುಟ್ಟಿಯಲ್ಲಿ. ತೊಟ್ಟನ್ನು ಕೀಳಬೇಡಿ, ಅರ್ಧ ಬೆರಳಿನಷ್ಟು ಬಿಟ್ಟು ಕತ್ತರಿಸಿ. ಬುಡಕ್ಕೆ ಕಿತ್ತರೆ ಸೊನೆಯೆಲ್ಲ ಹರಿದು ಹೋಗಿ ಸಪ್ಪೆ ಮಿಡಿ ಉಳಿಯುತ್ತದೆ. ತೊಳೆದರೆ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಹರಡಿ. ಒಂದೊಂದನ್ನೂ ಅಂದೆ, ರಾಶಿಯ ಮೇಲೆ ಟವೆಲ್ ಆಡಿಸಿದರೆ ಆಗಲ್ಲ. ಜಾಡಿಯನ್ನು ಎರಡು ದಿನ ಬಿಸಿಲಿಗೆ ಇಟ್ಟು, ಕೆಂಡದ ಮೇಲೆ ಚೂರು ಇಂಗು ಹಾಕಿ ಆ ಹೊಗೆಗೆ ಬೋರಲು ಹಿಡಿಯಿರಿ. ಆಮೇಲೆ ಒಂದು ಪದರ ಹರಳುಪ್ಪು, ಒಂದು ಪದರ ಮಿಡಿ. ಉಪ್ಪು ಎಷ್ಟು ಅಂತ ಕೇಳಬೇಡಿ, ಕೈ ಹಿಂಜರಿಯುವಷ್ಟು. ಮೇಲೆ ಭಾರಕ್ಕೆ ತೊಳೆದು ಒಣಗಿಸಿದ ಕಲ್ಲು. ದಿನಾ ಒಣಗಿದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ. ಹದಿನೈದು ದಿನ ಆಗುವ ಹೊತ್ತಿಗೆ ನೀರು ಬಿಟ್ಟು ಮುದುಕಿಯ ಕೈಯ ಹಾಗೆ ಸುಕ್ಕುಗಟ್ಟಿರಬೇಕು. ಸುಕ್ಕಾಗದಿದ್ದರೆ ಕಾಯಿರಿ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಬೀಸಿ ಕಲಸುವುದು. ಅದು ನಿಮಗೆ ಗೊತ್ತಿರುವುದೇ.

ಅಂದ ಹಾಗೆ ಉಪ್ಪುನೀರು ಉಳಿದರೆ ಚೆಲ್ಲಬೇಡಿ. ಹುಳಿ, ಉಪ್ಪು ಎರಡೂ ಇರುವ ನೀರು ಅದು. ತಾಮ್ರದ ಹಂಡೆಗೆ ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದರೆ ಹುಣಸೆಹಣ್ಣು ಬೇಕಾಗಲ್ಲ. ಬೇಗ ತೊಳೆದು ಒರೆಸಿಬಿಡಿ, ಇಲ್ಲದಿದ್ದರೆ ಹಸಿರು ಹಿಡಿಯುತ್ತದೆ.

ಈ ಸಲ ಮೊಮ್ಮಗಳು ಬಂದಿದ್ದಳು. ಸಂತೆಯಲ್ಲಿ ತೊಟ್ಟು ಮುರಿದು ಸೊನೆ ಮೂಗಿಗೆ ಹಚ್ಚಿಕೊಂಡು, ಎರಡು ದಿನ ಮೂಗಿನ ತುದಿ ಕಪ್ಪು ಮಾಡಿಕೊಂಡು ಓಡಾಡಿದಳು. ಜಾಡಿ ಅಟ್ಟದ ಮೇಲಿದೆ. ಆರಿದ್ರ ಮಳೆ ಹಿಡಿದ ಮೇಲೆ ತೆಗೆಯುತ್ತೇನೆ. ಬರುವವರು ಬನ್ನಿ, ಒದ್ದೆ ಚಮಚ ಹಾಕುವವರು ಮಾತ್ರ ಬೇಡ.